ಮೇಣ ಕುಡಿದ ಪಿಕಪ್

ಮೇಣದಬತ್ತಿ ಮಾಡುವವನಿಗೆ ಒರಟು ಅಂದರೆ ಆಗಿಬರುವುದಿಲ್ಲ. ಅದು ಅವನ ತಪ್ಪಲ್ಲ ಬಿಡಿ, ಕಸುಬಿನ ತಪ್ಪು. ಬತ್ತಿಯ ಮೈಮೇಲೆ ಒಂದು ಗುಳ್ಳೆ ಕಂಡರೆ ಸಾಕು, ಮತ್ತೆ ಬಿಸಿ ಮೇಣಕ್ಕೆ ಅದ್ದಿ ಎತ್ತಬೇಕು. ಗೀರು ಕಂಡರೆ ಇನ್ನೊಮ್ಮೆ ಅದ್ದಬೇಕು. ನಮ್ಮ ಮೇಣಣ್ಣ ಮನೆ ಹಿಂದಿನ ಶೆಡ್ಡಿನಲ್ಲಿ ಮದುವೆಗೂ ಮುಂಚಿನಿಂದ ಮಾಡಿಕೊಂಡು ಬಂದದ್ದು ಇದೇ ಕೆಲಸ. ಮೇಣಣ್ಣ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಹೆತ್ತವರಿಟ್ಟ ಹೆಸರಿಂದ ಯಾರಾದರೂ ಕರೆದರೆ ಈಗ ಅವನೇ ಹಿಂದೆ ತಿರುಗಿ ಬೇರೆ ಯಾರಿದ್ದಾರೆ ಅಂತ ನೋಡುತ್ತಾನೆ.

ಮಾತಿಗೂ ಅವನು ಇದನ್ನೇ ಮಾಡುತ್ತಿದ್ದ. ಪಕ್ಕದ ಮನೆಯವನು ಇವರ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದ ಅನ್ನಿ. ಹೆಂಡತಿ ತೋಳೇರಿಸಿಕೊಂಡು ಹೊರಡುವಷ್ಟರಲ್ಲಿ ಇವನು ಹಿಂಬಾಗಿಲಿನಿಂದ ಹೋಗಿ, ಒಂದು ಪ್ಯಾಕೆಟ್ ಮೇಣದಬತ್ತಿ ಕೈಗಿಟ್ಟು, "ನಮ್ಮದೇ ತಪ್ಪು ಸಾರ್, ಗೇಟು ಸ್ವಲ್ಪ ಆಚೆಗೆ ಇಡಿಸಬೇಕಿತ್ತು" ಅಂದು ಬಂದಿರುತ್ತಿದ್ದ. ಜಗಳಕ್ಕೆ ಹೋದವಳ ಎದುರಿಗೆ ಹಲ್ಲು ಕಿರಿಯುತ್ತಾ ಕೈಮುಗಿಯುವ ಮನುಷ್ಯ ನಿಂತಿದ್ದರೆ ಅವಳಾದರೂ ಏನು ಮಾಡಿಯಾಳು? ಇನ್ನು ಅವನ ಅಭಿಪ್ರಾಯ ಕೇಳಿದಿರೋ, ಮುಗಿದೇ ಹೋಯಿತು, ಅಡ್ಡಗೋಡೆ ಮೇಲೆ ದೀಪ. ಸಾರು ಹೇಗಿದೆ? ಚೆನ್ನಾಗಿದೆ. ಉಪ್ಪು ಹಾಕೋದೇ ಮರೆತಿದ್ದೆ ಕಣ್ರೀ. ಹಾಗೂ ಚೆನ್ನಾಗಿದೆ.

ಹೆಂಡತಿಯನ್ನು ಬೀದಿಯವರು ಬ್ರೇಕ್ ಮೇಡಂ ಅನ್ನುತ್ತಿದ್ದರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿರುವ ಇನ್ನೊಂದು ಬ್ರೇಕನ್ನು ನಂಬಿಕೊಂಡು ಜೀವ ಹಿಡಿದುಕೊಂಡಿರುವುದೇ ಅವಳ ಉದ್ಯೋಗ. ಬೆಳಗ್ಗೆಯಿಂದ ಸಂಜೆಯವರೆಗೆ ಅವಳ ಬಾಯಲ್ಲಿ ಒಂದೇ ಮಂತ್ರ: "ಪರವಾಗಿಲ್ಲ, ನಿಧಾನ, ಕ್ಲಚ್ ಬಿಡಿ, ಅದು ಕಂಬ, ಕಂಬ ಕಂಬ ಕಂಬ, ಪರವಾಗಿಲ್ಲ, ಗಾಬರಿ ಬೇಡ." ಸಿಟ್ಟು ಬಂದರೂ ತೋರಿಸುವ ಹಾಗಿಲ್ಲ, ಕಲಿಯುವವರು ಅತ್ತುಬಿಡುತ್ತಾರೆ. ಹೀಗೆ ದಿನವಿಡೀ ನುಂಗಿದ್ದನ್ನೆಲ್ಲ ಅವಳು ಸಂಜೆ ಮನೆಗೆ ಬಂದು ಎಲೆಕ್ಟ್ರಿಕ್ ಗಿಟಾರಿನ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಅವಳದೊಂದು ತಂಡವೂ ಇತ್ತು. ದೊಡ್ಡ ತಂಡ ಅಂದುಕೊಳ್ಳಬೇಡಿ, ಮೂರೇ ಜನ. ಗಿಟಾರಿಗೆ ಇವಳು, ಡ್ರಮ್ಮಿಗೆ ಆಸ್ಪತ್ರೆಯಲ್ಲಿ ನರ್ಸಾಗಿರುವ ಇವಳ ತಂಗಿ. ಬೇಸ್ ಗಿಟಾರ್ ನುಡಿಸುತ್ತಾ ಹಾಡುವುದಕ್ಕೆ ಲಿಫ್ಟ್ ರಿಪೇರಿ ಮಾಡುವ ಒಬ್ಬ, ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಮುಖ್ಯ ರಸ್ತೆಯ ಬಿಲಿಯರ್ಡ್ಸ್ ಹಾಲಿನ ಮೂಲೆಯಲ್ಲಿ ಪುಟ್ಟ ವೇದಿಕೆಯಿದೆ. ಅಲ್ಲಿ ಶನಿವಾರ ಸಂಜೆ ನುಡಿಸುತ್ತಿದ್ದವರು ಊರು ಬಿಟ್ಟಿದ್ದರು, ಆ ಜಾಗ ಖಾಲಿಯಿತ್ತು. ಮೂವರೂ ಹೋಗಿ ನುಡಿಸಿ ತೋರಿಸಿದರು. ಮ್ಯಾನೇಜರ್ ಕೊನೆಯವರೆಗೂ ಕೇಳಿದ, ಗದ್ದ ಕೆರೆದುಕೊಂಡ.

"ಹಾಡು ಸರಿ, ಡ್ರಮ್ ಸರಿ. ಗಿಟಾರ್ ಮಾತ್ರ ತುಂಬಾ ಸಭ್ಯ ಆಯ್ತು ಮೇಡಂ" ಅಂದ. "ಇಲ್ಲಿ ಚೆಂಡಿಗೆ ಚೆಂಡು ಬಡೀತಾ ಇರತ್ತೆ, ಜನ ಕಿರುಚ್ತಾ ಇರ್ತಾರೆ. ಅದರ ಮಧ್ಯೆ ನಿಮ್ಮ ಗಿಟಾರು 'ಸ್ವಲ್ಪ ಜಾಗ ಕೊಡ್ತೀರಾ' ಅಂತ ಕೇಳೋ ಹಾಗಿದೆ. ಒರಟು ಬೇಕು ಮೇಡಂ, ಒರಟು. ಮುಂದಿನ ಶನಿವಾರ ಇನ್ನೊಂದ್ಸಲ ಬನ್ನಿ, ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವರೂ ಕಾಯ್ತಿದ್ದಾರೆ."

ಬ್ರೇಕ್ ಮೇಡಂ ಮನೆಗೆ ಬಂದವಳೇ ಗಿಟಾರನ್ನು ಮಂಚದ ಮೇಲೆ ಮಲಗಿಸಿ ಸ್ಕ್ರೂ ಬಿಚ್ಚತೊಡಗಿದಳು. ಆ ಶನಿವಾರ ಅವಳಿಗೆ ಬೇಕೇ ಬೇಕಿತ್ತು. ಇದುವರೆಗೆ ಅವರಿವರ ಹುಟ್ಟುಹಬ್ಬ, ಯಾರದೋ ಆಫೀಸಿನ ಪಾರ್ಟಿ ಅಂತ ಕರೆದಲ್ಲಿ ನುಡಿಸಿದ್ದಳೇ ಹೊರತು, ಇದು ನಮ್ಮ ಜಾಗ, ಇದು ನಮ್ಮ ದಿನ ಅನ್ನುವಂಥದ್ದು ಒಂದೂ ಇರಲಿಲ್ಲ.

"ಏನೇ ಮಾಡ್ತಾ ಇದ್ದೀಯಾ?" ಅಂದ ಮೇಣಣ್ಣ.

"ಪಿಕಪ್ ಬದಲಾಯಿಸ್ತೀನಿ."

"ಚೆನ್ನಾಗೇ ಇದೆಯಲ್ಲೇ."

ಅವಳು ಸ್ಕ್ರೂಡ್ರೈವರ್ ಎತ್ತಿದ್ದನ್ನು ನೋಡಿ ಅವನು ಮೆಲ್ಲಗೆ ಶೆಡ್ಡಿನ ಕಡೆ ಜಾರಿಕೊಂಡ.

ಪಿಕಪ್ ಅಂದರೆ ಗಿಟಾರಿನ ತಂತಿಗಳ ಕೆಳಗೆ ಕೂತಿರುತ್ತದಲ್ಲ, ಬೆರಳುದ್ದದ ಕಪ್ಪು ಪೆಟ್ಟಿಗೆ, ಅದು. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಗಿಟಾರಿನ ತಂತಿ ಅಲುಗಿದರೆ ಇದು ಆ ಅಲುಗಾಟವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತದೆ. ಸುತ್ತು ಹೆಚ್ಚಾದರೆ ಒಂದು ದನಿ, ಅಯಸ್ಕಾಂತ ಬದಲಾದರೆ ಇನ್ನೊಂದು. ಇಷ್ಟನ್ನೂ ಅವಳು ಮೇಣಣ್ಣನಿಗೆ ಎಷ್ಟೋ ಸಲ ಹೇಳಿದ್ದಳು, ಅವನು ಅಷ್ಟು ಸಲವೂ ತಲೆಯಾಡಿಸಿದ್ದ. ಆದರೆ ಅವನ ಎದೆಯೊಳಗೆ ಒಂದು ಸಣ್ಣ ಮುಳ್ಳು ಇದ್ದೇ ಇತ್ತು. ಹೆಂಡತಿಯ ಜೀವವೆಲ್ಲ ಇರುವುದು ಆ ಗಿಟಾರಿನಲ್ಲಿ, ತಾನು ಅದರಲ್ಲಿ ಮೂರು ಕಾಸಿನ ಉಪಯೋಗಕ್ಕೂ ಬಾರದವನು ಅಂತ. ಆಂಪ್ಲಿಫೈಯರ್ ಹೊರಲು ಮಾತ್ರ ಅವನು ಬೇಕಾಗುತ್ತಿದ್ದ.

ಮಾರನೆ ದಿನ ಸಂಜೆಯಿಂದ ನಡುಮನೆಯಲ್ಲಿ ಪರೀಕ್ಷೆ ಶುರುವಾಯಿತು. ಅವಳು ಗೋಡೆ ಪಕ್ಕ ಸ್ಟೂಲ್ ಮೇಲೆ, ಆಂಪ್ಲಿಫೈಯರ್ ನೆಲದ ಮೇಲೆ ಅವಳ ಕಾಲ ಬುಡದಲ್ಲಿ. ಎದುರು ಗೋಡೆಗೆ ಒರಗಿ ಚಾಪೆ ಮೇಲೆ ಮೇಣಣ್ಣ, ಬತ್ತಿಗಳನ್ನು ಪ್ಯಾಕೆಟ್ಟಿಗೆ ತುಂಬುತ್ತಾ. ಅವನು ರಾತ್ರಿ ಊಟಕ್ಕೆ ಮುಂಚೆ ಕೂರುವ ಜಾಗವೇ ಅದು. ತಂಗಿ ಡ್ಯೂಟಿ ಮುಗಿಸಿ ಬಂದವಳು ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದಳು.

ಮೊದಲನೆಯದು ಅಂಗಡಿಯಿಂದ ತಂದ ಹೊಸದು. ಅವಳು ನುಡಿಸಿದಳು, ಮುಖ ಹುಳ್ಳಗೆ ಮಾಡಿಕೊಂಡಳು. "ಇದು ಹಳೇದೇ, ಸ್ವಲ್ಪ ಜೋರಾಗಿ ಮಾತಾಡತ್ತೆ ಅಷ್ಟೆ. ರೀ, ನಿಮಗೇನನ್ಸತ್ತೆ?"

"ಚೆನ್ನಾಗಿದೆ."

ಅದನ್ನು ಬಿಚ್ಚಿ, ಬೆಸುಗೆ ಕಿತ್ತು, ಎರಡನೆಯದನ್ನು ಹಾಕಿದಳು. ಅದು ಲಿಫ್ಟಣ್ಣನ ಗೆಳೆಯನಿಂದ ಎರವಲು ತಂದದ್ದು, ಒಳಗೆ ಎರಡು ಸುರುಳಿ, ಗಟ್ಟಿ ಅಯಸ್ಕಾಂತ. ಅದನ್ನೂ ನುಡಿಸಿದಳು. "ಥೂ, ಕಂಬಳಿ ಹೊದ್ಕೊಂಡು ಮಾತಾಡಿದ ಹಾಗಿದೆ. ಚೂಪೇ ಇಲ್ಲ. ಏನಂತೀರಿ?"

ಮೇಣಣ್ಣ ಕೈಯಲ್ಲಿದ್ದ ಪ್ಯಾಕೆಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ. "ಚೆನ್ನಾಗಿದೆ" ಅಂದ.

"ಮೊದಲ್ನೇದಾ, ಇದಾ?"

"ಎರಡೂ ಚೆನ್ನಾಗಿದೆ."

"ಭಾವನ್ನ ಕೇಳೋ ಬದ್ಲು ಆ ಗೋಡೇನ ಕೇಳಕ್ಕಾ" ಅಂದಳು ತಂಗಿ. "ಗೋಡೆ ಎಲ್ಲದಕ್ಕೂ ಚೆನ್ನಾಗಿದೆ ಅಂತಾದ್ರೂ ಅನ್ನಲ್ಲ."

ಎಲ್ಲರೂ ನಕ್ಕರು, ಮೇಣಣ್ಣನೂ ನಕ್ಕ. ನಗುವುದಕ್ಕೆ ಅವನಿಗೆ ಕಷ್ಟವೇನಿರಲಿಲ್ಲ, ಅಭ್ಯಾಸವಾಗಿತ್ತು.

ಮೂರನೆಯದು ಗುರುವಾರ ಬಂತು. ಹಳೇ ರೇಡಿಯೊ ರಿಪೇರಿ ಮಾಡುವ ಮುದುಕರ ಅಂಗಡಿಯಲ್ಲಿ, ಮುರಿದ ಗಿಟಾರೊಂದರ ಹೊಟ್ಟೆಯಿಂದ ಕಿತ್ತದ್ದು. ಬಣ್ಣ ಹೋದ, ಮೂಲೆ ಸವೆದ ಪೆಟ್ಟಿಗೆ. ಹಾಕಿ ತಂತಿ ಮೀಟಿದಳೋ ಇಲ್ಲವೋ, ನಡುಮನೆಯೆಲ್ಲ ಗುರ್ರ್ ಅಂದಿತು. ಸ್ಟೂಲ್ ಮೇಲಿದ್ದವಳು ಎದ್ದೇ ನಿಂತಳು. ಪೆಟ್ಟಿಗೆಯ ಮೇಲೆ ಉಗುರಿಂದ ತಟ್ಟಿದರೆ ಆಂಪ್ಲಿಫೈಯರಿನಲ್ಲಿ ಟಕ್ ಅನ್ನುತ್ತಿತ್ತು. ಬಗ್ಗಿ "ಹಲೋ" ಅಂದರೆ ಅಲ್ಲಿಂದಲೂ ಹಾಳು ಬಾವಿಯೊಳಗಿನ ಹಾಗೆ ಹಲೋ ಬರುತ್ತಿತ್ತು. ಜೋರು ಮಾಡಿದರೆ ಮಾತ್ರ ಕುಂಯ್ಯ್ಯ್ ಅಂತ ಕಿರುಚಿಕೊಳ್ಳುತ್ತಿತ್ತು. ಅವಳು ಅಂಗೈಯಿಂದ ತಂತಿಗಳ ಬಾಯಿ ಮುಚ್ಚಿ, ಬಿಟ್ಟು, ಮತ್ತೆ ಮುಚ್ಚಿ, ಆ ಕಿರುಚಾಟವನ್ನೇ ಆಟ ಮಾಡಿಕೊಂಡಳು.

"ಇದೇ! ಇದೇ ಕಣೇ!" ಅಂದಳು ತಂಗಿಗೆ. ಆಮೇಲೆ ಮೇಣಣ್ಣನ ಕಡೆ ತಿರುಗಿ, "ಗೊತ್ತಾ ರೀ, ಸಾಮಾನ್ಯವಾಗಿ ಇವನ್ನೆಲ್ಲ ಬಿಸಿ ಮೇಣದಲ್ಲಿ ಅದ್ದಿರ್ತಾರಂತೆ. ಒಳಗಿನ ತಂತಿ ಅಲುಗಬಾರದು, ಕಿರುಚಬಾರದು ಅಂತ. ಇದನ್ನ ಮಾತ್ರ ಯಾರೋ ಅದ್ದದೇ ಬಿಟ್ಟಿದ್ದಾರೆ. ಅದಕ್ಕೇ ಇದಕ್ಕೆ ಈ ದನಿ, ರೇಡಿಯೊ ತಾತ ಹೇಳಿದ್ರು" ಅಂದಳು.

ಈಗ ನೀವೇ ಹೇಳಿ, ಅವಳು ಹೇಳಿದ್ದರಲ್ಲಿ ಅರ್ಥವಾಗದಂಥದ್ದು ಏನಿತ್ತು? ಏನೂ ಇರಲಿಲ್ಲ. ಆದರೆ ಮೇಣಣ್ಣನ ಕಿವಿಯೊಳಗೆ ಆ ಕುಂಯ್ ಇನ್ನೂ ಚುಚ್ಚುತ್ತಿತ್ತು, ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಅದರ ಮಧ್ಯೆ ಅವನಿಗೆ ಕೇಳಿಸಿದ್ದು ಒಂದೇ ಪದ, ಮೇಣ. ಇಷ್ಟು ದಿನ ಈ ಗಿಟಾರಿನ ಸುತ್ತ ಅವನಿಗೆ ಒಂದೂ ಕೆಲಸವಿರಲಿಲ್ಲ. ಈಗ ನೋಡಿದರೆ ಜಗತ್ತಿನಲ್ಲಿರುವ ಪಿಕಪ್ಪುಗಳಿಗೆಲ್ಲ ಮೇಣ ಬೇಕಂತೆ, ಹೆಂಡತಿಯ ಪಿಕಪ್ಪಿಗೆ ಮಾತ್ರ ಯಾರೋ ಸೋಮಾರಿ ಹಾಕದೇ ಬಿಟ್ಟಿದ್ದಾನಂತೆ. ಮೇಣಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಶನಿವಾರ ಬೆಳಗ್ಗೆ ಬ್ರೇಕ್ ಮೇಡಂ ಕಲಿಯುವವರೊಬ್ಬರನ್ನು ಲೈಸೆನ್ಸ್ ಪರೀಕ್ಷೆಗೆ ಕರೆದುಕೊಂಡು ಹೋದಳು. ಮೇಣಣ್ಣ ಶೆಡ್ಡಿನ ಬಾಗಿಲು ಹಾಕಿಕೊಂಡ. ಮೂರು ಸಂಜೆ ನೋಡಿದ್ದನಲ್ಲ, ಯಾವ ಸ್ಕ್ರೂ ಎಲ್ಲಿ, ಯಾವ ವೈರು ಎಲ್ಲಿ ಅನ್ನುವುದು ಕಣ್ಣಿಗೆ ಕಟ್ಟಿತ್ತು. ಬೆಸುಗೆ ಬಿಡಿಸಿ ಪಿಕಪ್ಪನ್ನು ಎಳೆಗೂಸಿನ ಹಾಗೆ ಅಂಗೈ ಮೇಲೆ ಇಟ್ಟುಕೊಂಡ. ಅಂಗಡಿಗೆ ಹೋಗುವ ಮೇಣ ಅಲ್ಲ, ತಾನು ಒಳ್ಳೆಯದಕ್ಕೆಂದು ತೆಗೆದಿಟ್ಟ ಬಿಳೀ ಮೇಣವನ್ನೇ ಮುರಿದು ಹಾಕಿದ, ಜೊತೆಗೆ ಚೂರು ಜೇನುಮೇಣ. ನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆ ಇಟ್ಟು, ಥರ್ಮಾಮೀಟರಿನ ಮೇಲಿಂದ ಕಣ್ಣು ಕದಲಿಸದೆ ಕಾಯಿಸಿದ. ಬಿಸಿ ಹೆಚ್ಚಾದರೆ ಪ್ಲಾಸ್ಟಿಕ್ ಕರಗುತ್ತದೆ ಅನ್ನುವುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಾರ ಕಟ್ಟಿ ಪಿಕಪ್ಪನ್ನು ಮೆಲ್ಲಗೆ ಇಳಿಬಿಟ್ಟ. ಸುರುಳಿಯ ಸಂದಿಯಿಂದ ಗುಳುಗುಳು ಅಂತ ಗುಳ್ಳೆ ಎದ್ದವು. ಕೊನೆಯ ಗುಳ್ಳೆ ನಿಲ್ಲುವವರೆಗೂ ಕಾದು, ಎತ್ತಿ, ಒರೆಸಿ, ಆರಿಸಿದ. ಅವನ ಕೆಲಸದಲ್ಲಿ ಹೆಸರಿಡುವ ಹಾಗಿರಲಿಲ್ಲ, ಅದೇ ತಾನೆ ದುಃಖ. ಮತ್ತೆ ಬೆಸೆದು, ಸ್ಕ್ರೂ ಬಿಗಿದು, ಗಿಟಾರಿನ ಮೈಯನ್ನು ಬಟ್ಟೆಯಿಂದ ಉಜ್ಜಿ, ಚೀಲದೊಳಗೆ ಮಲಗಿಸಿದ. ಸಂಜೆ ವೇದಿಕೆ ಮೇಲೆ ಅವಳೇ ಕಂಡುಕೊಂಡು ಬೆರಗಾಗಲಿ ಅಂತ ಯಾರಿಗೂ ಹೇಳಲಿಲ್ಲ.

ಅವಳು ಮಧ್ಯಾಹ್ನ ಕಳೆದ ಮೇಲೆ ಓಡುತ್ತಾ ಬಂದಳು. ಪರೀಕ್ಷೆಯಲ್ಲಿ ಆಸಾಮಿ ತಡೆಗೋಡೆಗೆ ಗುದ್ದಿ, ಅದರ ತನಿಖೆಯಲ್ಲಿ ಹೊತ್ತು ಹೋಗಿತ್ತು. ಮುಖ ತೊಳೆದು ಚೀಲ ಹೆಗಲಿಗೇರಿಸಿದಳು, ಮೇಣಣ್ಣ ಆಂಪ್ಲಿಫೈಯರ್ ಹೊತ್ತ. ದಾರಿಯುದ್ದಕ್ಕೂ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಏನ್ರೀ ಇವತ್ತು, ಒಳ್ಳೇ ಮದುವೆ ಗಂಡಿನ ಹಾಗೆ ಮಿಣಮಿಣ ಅಂತಿದ್ದೀರಾ?" ಅಂದಳು.

"ಏನಿಲ್ಲಪ್ಪ" ಅಂದ.

ಬಿಲಿಯರ್ಡ್ಸ್ ಹಾಲಿನಲ್ಲಿ ಆಗಲೇ ನಾಲ್ಕಾರು ಮೇಜಿನಲ್ಲಿ ಆಟ ನಡೆದಿತ್ತು. ಮ್ಯಾನೇಜರ್ ಇನ್ನೂ ಬಂದಿರಲಿಲ್ಲ, ಇನ್ನೇನು ಬರುವವನಿದ್ದ. ತಂಗಿ ಡ್ರಮ್ ಜೋಡಿಸುತ್ತಿದ್ದಳು, ಲಿಫ್ಟಣ್ಣ ಮೈಕಿಗೆ ಊದುತ್ತಿದ್ದ. ಬ್ರೇಕ್ ಮೇಡಂ ವೈರು ಚುಚ್ಚಿ, ಗುಂಡಿ ತಿರುಗಿಸಿ, ಕೈ ಬೀಸಿ ತಂತಿ ಮೀಟಿದಳು.

ಗಿಟಾರ್ ಬಲು ಮರ್ಯಾದೆಯಿಂದ ಜುಂಯ್ ಅಂದಿತು.

ಅವಳು ವೈರು ಕಿತ್ತು ಮತ್ತೆ ಚುಚ್ಚಿದಳು. ಆಂಪ್ಲಿಫೈಯರಿನ ಗುಂಡಿಗಳನ್ನೆಲ್ಲ ಕೊನೆಗೊಯ್ದಳು. ಲಿಫ್ಟಣ್ಣ ಬಂದು ತನ್ನ ವೈರು ಕೊಟ್ಟ, ಅದರಲ್ಲೂ ಅಷ್ಟೇ. ಉಗುರಿಂದ ಪೆಟ್ಟಿಗೆಯ ಮೇಲೆ ತಟ್ಟಿದಳು, ಟಕ್ ಇಲ್ಲ. ಬಗ್ಗಿ "ಹಲೋ" ಅಂದಳು. ಆಂಪ್ಲಿಫೈಯರ್ ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಅವಳು ಗಿಟಾರನ್ನು ಮುಖದ ಹತ್ತಿರ ತಂದು ಮೂಸಿದಳು. ಮದುವೆಯಾದಾಗಿನಿಂದ ಗಂಡನ ಅಂಗಿ, ತಲೆದಿಂಬು, ಟವೆಲ್ಲು ಎಲ್ಲದರಲ್ಲೂ ಬರುವ ವಾಸನೆ ಅವಳಿಗೆ ತಿಳಿಯದೆ ಇರುತ್ತದೆಯೇ?

"ರೀ" ಅಂದಳು.

ಮೇಣಣ್ಣ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. "ಅದು... ಬೆಳಗ್ಗೆ... ನೀನೇ ಹೇಳಿದ್ಯಲ್ಲೇ, ಎಲ್ಲದಕ್ಕೂ ಮೇಣ ಹಾಕ್ತಾರೆ ಅಂತ. ಕಿರುಚ್ತಿತ್ತಲ್ಲ. ಒಳ್ಳೇ ಮೇಣಾನೇ ಹಾಕ್ದೆ."

"ಅದ್ದಿಬಿಟ್ರಾ?"

"ಗುಳ್ಳೆ ನಿಲ್ಲೋವರೆಗೂ."

ಲಿಫ್ಟಣ್ಣ ತಲೆ ಮೇಲೆ ಕೈ ಹೊತ್ತು ವೇದಿಕೆಯ ಅಂಚಿನಲ್ಲಿ ಕೂತ. ತಂಗಿಯ ಕೈಯಿಂದ ಡ್ರಮ್ಮಿನ ಕಡ್ಡಿ ಜಾರಿತು. ಒಳಗೆ ಹೋದ ಮೇಣವನ್ನು ಈಗ ತೆಗೆಯುವುದಕ್ಕಾಗುತ್ತದೆಯೇ ಅಂತ ಯಾರೂ ಕೇಳಲಿಲ್ಲ, ಆಗುವುದಿಲ್ಲ ಅನ್ನುವುದು ಮೇಣಣ್ಣನ ಮುಖದ ಮೇಲೇ ಬರೆದಿತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ. ಹುಟ್ಟುಗುಣ ಬಿಡಬೇಕಲ್ಲ, ಮೇಣಣ್ಣ ಕೈಯಾಡಿಸುತ್ತಾ ಅಂದ: "ಹೋಗ್ಲಿ ಬಿಡೇ, ಹೀಗೂ ಚೆನ್ನಾಗಿದೆ. ಯಾರಿಗೂ ಗೊತ್ತಾಗಲ್ಲ."

ಅಷ್ಟೇ ಸಾಕಾಯಿತು. ದಿನವೂ ಕಂಬಕ್ಕೆ ನುಗ್ಗುವವರಿಗೂ ಪರವಾಗಿಲ್ಲ ಅನ್ನುವ ಹೆಂಗಸು, ಹಾಲಿನಲ್ಲಿದ್ದವರೆಲ್ಲ ಕೋಲು ಕೆಳಗಿಟ್ಟು ತಿರುಗಿ ನೋಡುವ ಹಾಗೆ ದನಿ ಎತ್ತಿದಳು.

"ಚೆನ್ನಾಗಿದೆಯಾ? ಏನ್ರೀ ಚೆನ್ನಾಗಿದೆ? ಕಿರುಚಲಿ ಅಂತಲೇ ರೀ ನಾನು ಅದನ್ನ ತಂದದ್ದು! ಈ ಮನೇಲಿ ಒಂದಾದ್ರೂ ವಸ್ತು ಕಿರುಚಲಿ ಅಂತ! ಪಕ್ಕದ ಮನೆಯವನ ಹತ್ರ ಜಗಳ ಆಡೋಕೆ ಹೋದ್ರೆ ನೀವು ಮುಂಚೇನೇ ಹೋಗಿ ಮೇಣ ಬಳಿದಿರ್ತೀರಿ. ಸ್ಕೂಲಿನ ಯಜಮಾನರು ನನಗೆ ಬೈದ್ರೆ, ನಾನು ತಿರುಗಿ ಬೈಯೋಕೆ ಮುಂಚೆ ಅವರ ಮೇಜಿನ ಮೇಲೆ ನಿಮ್ಮ ಮೇಣದಬತ್ತಿ ಪ್ಯಾಕೆಟ್ ಇರತ್ತೆ! ಹೋಗ್ಲಿ, ನಾನೂ ನನ್ನ ತಂಗೀನೂ ಮಾತು ಬಿಟ್ಟಾಗ ಏನು ಮಾಡಿದ್ರಿ? 'ಅವಳು ಸಾರಿ ಹೇಳಿದ್ಲು' ಅಂತ ನನಗೆ ಬಂದು ಹೇಳಿದ್ರಿ. ಅವಳಿಗೆ ಹೋಗಿ ನಾನು ಸಾರಿ ಹೇಳಿದೆ ಅಂದ್ರಿ!"

"ಏನು?" ಅಂದಳು ತಂಗಿ ಡ್ರಮ್ಮಿನ ಹಿಂದಿನಿಂದ ಎದ್ದು. "ಅಕ್ಕಾ, ನೀನು ಸಾರಿ ಹೇಳಿರ್ಲಿಲ್ವಾ?"

"ನಾನ್ಯಾಕೆ ಹೇಳ್ಲಿ? ತಪ್ಪು ನಿಂದು."

"ನಂದಾ? ಭಾವಾ!"

"ಆಮೇಲೆ ನೋಡ್ಕೊಳ್ಳೋಣ ಅದನ್ನ" ಅಂದ ಲಿಫ್ಟಣ್ಣ.

ಬ್ರೇಕ್ ಮೇಡಂ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನ ನೀರು. "ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ ನನ್ನ ಗಿಟಾರ್ ಕೇಳಿ ನಿಜ ಹೇಳಿದ್ದೀರಾ ರೀ? ನಾನು ಕೇಳಿದಾಗೆಲ್ಲ ಚೆನ್ನಾಗಿದೆ. ನೀವು ಕೇಳಿಸ್ಕೊಳ್ತಾನೇ ಇಲ್ಲ ಅಂತ ನಾನು ಅಂದ್ಕೊಂಡುಬಿಟ್ಟಿದ್ದೀನಿ."

ಇದು ಮೇಣಣ್ಣನಿಗೆ ಚುರುಕ್ ಅಂತ ತಾಗಿತು. ಬೇರೆ ಏನು ಅಂದಿದ್ದರೂ ನುಂಗಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳುತ್ತಿಲ್ಲ ಅಂದದ್ದು ಮಾತ್ರ ಗಂಟಲಿಗಿಂತ ಕೆಳಗೆ ಇಳಿಯಲಿಲ್ಲ.

"ಕೇಳಿಸ್ಕೊಳ್ಳಲ್ವಾ?" ಅಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ದಿನಾ ಆ ಚಾಪೆ ಮೇಲೆ ಕೂತು ಇನ್ನೇನು ಮಾಡ್ತೀನಿ ನಾನು? ಹೇಳ್ಲಾ ನಿಜ? ಹೇಳ್ಲಾ? ನಿನ್ನ ಮೊದಲ್ನೇ ಪಿಕಪ್ಪು ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿತ್ತು. ಎರಡ್ನೇದಂತೂ ಕೇಳಲೇಬೇಡ! ಗರಗಸ! ನನ್ನ ಹಲ್ಲು ಜುಂ ಅಂತು, ಕೈಲಿದ್ದ ಪ್ಯಾಕೆಟ್ಟು ಅಪ್ಪಚ್ಚಿ ಆಗೋಯ್ತು. ಎದ್ದು ಬೀದಿಗೆ ಓಡೋಣ ಅನ್ನಿಸ್ತು. ಕೂತ್ಕೊಂಡೆ. ಚೆನ್ನಾಗಿದೆ ಅಂದೆ. ಸುಳ್ಳು ಹೇಳ್ದೆ! ಸಾಕಾ?"

ಹಾಲಿನಲ್ಲಿ ಒಂದು ಚೆಂಡು ಉರುಳುತ್ತಾ ಹೋಗಿ ಮೇಜಿನ ಗೋಡೆಗೆ ತಾಗಿತು.

ಬ್ರೇಕ್ ಮೇಡಂ ಅಳು ಮರೆತು ಅವನನ್ನೇ ನೋಡುತ್ತಿದ್ದಳು. "ಯಾವ್ದು ಗರಗಸ ಅಂದ್ರಿ?"

"ಎರಡ್ನೇದು."

"ಅದು ಕಂಬಳಿ ಹೊದ್ದ ಹಾಗಿತ್ತಲ್ರೀ."

"ಯಾರಿಗೆ? ನನಗಂತೂ ಕಂಬಳೀನೂ ಇಲ್ಲ, ದುಪ್ಪಟೀನೂ ಇಲ್ಲ. ಸೀದಾ ಕಿವಿಗೆ ಮೊಳೆ ಹೊಡೆದ ಹಾಗಿತ್ತು."

ಅವಳು ಕೆಳಗೆ ನೋಡಿದಳು. ಆಂಪ್ಲಿಫೈಯರ್ ಅವಳ ಕಾಲ ಬುಡದಲ್ಲಿ ಕೂತು, ಅವಳಿಗೆ ಬೆನ್ನು ಹಾಕಿ, ಎದುರಿಗೆ ಮುಖ ಮಾಡಿತ್ತು. ಮನೆಯಲ್ಲೂ ಅದು ಕೂರುತ್ತಿದ್ದದ್ದು ಹೀಗೆಯೇ. ಅದರ ಬಾಯಿಂದ ಹೊರಟ ಚೂಪೆಲ್ಲ ನೇರ ಎದುರಿಗೆ ಹೋಗುತ್ತದೆ, ಮೇಲೆ ಪಕ್ಕದಲ್ಲಿ ಕೂತವಳಿಗೆ ಉಳಿಯುವುದು ಮಂದ ಗುಂಯ್‌ಗುಡುವಿಕೆ ಮಾತ್ರ. ಅದರ ಎದುರಿಗೆ, ನೆಲದ ಮೇಲೆ, ಸರಿಯಾಗಿ ಬಾಯಿಯ ಮಟ್ಟಕ್ಕೆ ಕಿವಿ ಇಟ್ಟುಕೊಂಡು ಕೂತಿದ್ದವನು ಒಬ್ಬನೇ, ಚಾಪೆ ಮೇಲಿದ್ದ ಅವಳ ಗಂಡ. ಇಲ್ಲಿ ಆ ಬಾಯಿಯ ಎದುರಿಗೆ ಇರುವವರು ಬಿಲಿಯರ್ಡ್ಸ್ ಆಡುವವರು, ಅವರ ಜೊತೆಗೆ ಮ್ಯಾನೇಜರ್. ಅವರಿಗೆಲ್ಲ ಏನು ಕೇಳಿಸುತ್ತದೆ ಅನ್ನುವುದು ಇಷ್ಟು ದಿನ ಅವಳ ಮನೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಅವನು ಅದಕ್ಕೆ ಚೆನ್ನಾಗಿದೆ ಅನ್ನುವ ಮೇಣ ಬಳಿದು ಕೊಡುತ್ತಿದ್ದ.

"ಅಯ್ಯೋ ನಿಮ್ಮ..." ಅಂದಳು. ಬಗ್ಗಿ ಗಿಟಾರಿನ ಚೀಲದ ಜೇಬಿಗೆ ಕೈ ಹಾಕಿ ಆ ಎರಡನೆಯ ಪಿಕಪ್ಪನ್ನು ಎಳೆದಳು. ವಾಪಸು ಕೊಡಲು ಲಿಫ್ಟಣ್ಣನಿಗೆಂದೇ ತಂದಿದ್ದಳು. "ಚೀಲದಲ್ಲಿ ಬೆಸುಗೆ ಐರನ್ ಇದೆ, ತಗೊಳ್ಳಿ. ಕೂತ್ಕೊಳ್ಳಿ ಇಲ್ಲಿ. ವೈರು ಹಿಡೀರಿ. ಬೇರೆ ಏನೂ ಮುಟ್ಟಬೇಡಿ."

ಆಮೇಲಿನದು ಒಂದು ತರಾತುರಿ. ಅವಳು ಬೆಸೆದಳು, ಅವನು ಉಸಿರು ಬಿಗಿಹಿಡಿದು ವೈರು ಹಿಡಿದ. ಬಿಸಿ ಸೀಸದ ಹನಿ ಹೆಬ್ಬೆರಳಿಗೆ ತಾಗಿದಾಗ ಹಾ ಅನ್ನಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಮುಚ್ಚಿಕೊಂಡ. ಆಟಗಾರರೊಬ್ಬರು ಮೊಬೈಲಿನ ಬೆಳಕು ಹಿಡಿದರು. ತಂಗಿ ಬಾಗಿಲಲ್ಲಿ ನಿಂತು, ಒಳಬರುತ್ತಿದ್ದ ಮ್ಯಾನೇಜರನ್ನು ಬಿ.ಪಿ. ಎಷ್ಟಿದೆ, ನಿದ್ದೆ ಸರಿಯಾಗಿ ಬರತ್ತಾ, ಉಪ್ಪು ಕಮ್ಮಿ ಮಾಡಿದ್ದೀರಾ ಅಂತ ವಿಚಾರಿಸಿಕೊಳ್ಳತೊಡಗಿದಳು. ಪಾಪ, ಅವನು ಹೆದರಿ ನಾಲಿಗೆಯನ್ನೂ ಚಾಚಿ ತೋರಿಸಿದ.

"ನೀವು ಹೋಗಿ ಅಲ್ಲಿ ಕೂತ್ಕೊಳ್ಳಿ" ಅಂದಳು ಬ್ರೇಕ್ ಮೇಡಂ ಸ್ಕ್ರೂ ಬಿಗಿದು ಎದ್ದು. ಆಂಪ್ಲಿಫೈಯರಿನ ಎದುರಿಗೆ ಒಂದು ಸಣ್ಣ ಸ್ಟೂಲ್ ತೋರಿಸಿದಳು. "ಅದರ ಬಾಯಿ ಮುಂದೆ. ನನ್ನನ್ನ ನೋಡ್ತಾ ಇರಿ. ನಗಬೇಡಿ, ತಲೆ ಆಡಿಸಬೇಡಿ. ಏನನ್ಸತ್ತೋ ಹಾಗೇ ಮುಖ ಮಾಡಿ."

ಮೇಣಣ್ಣ ಹೋಗಿ ಕೂತ. ಅವಳು ತಂತಿಗೆ ಹೊಡೆದಳು. ಅವಳಿಗೆ ಕೇಳಿಸಿದ್ದು ಮತ್ತದೇ ಕಂಬಳಿ ಹೊದ್ದ ಗುಂಯ್. ಆದರೆ ಎದುರಿಗೆ ಕೂತ ಗಂಡನ ಮುಖ ಕಹಿ ಔಷಧಿ ಕುಡಿದವನ ಹಾಗೆ ಹಿಂಡಿಕೊಂಡಿತು, ಒಂದು ಕಣ್ಣು ಮುಚ್ಚಿತು, ಎರಡೂ ಭುಜ ಕಿವಿಯವರೆಗೆ ಏರಿದವು. ಅವನ ಹಿಂದೆ ಮೂರನೇ ಮೇಜಿನಲ್ಲಿ ಗುರಿ ಹಿಡಿದಿದ್ದವನೊಬ್ಬ ಕೋಲು ತಪ್ಪಿಸಿ ಚೆಂಡನ್ನು ನೆಲಕ್ಕೆ ಹಾರಿಸಿದ.

ಬ್ರೇಕ್ ಮೇಡಂ ಮುಖ ಊರಗಲವಾಯಿತು. ತಂಗಿಗೆ ಕಣ್ಣು ಮಾಡಿದಳು, ಹಾಡು ಶುರುವಾಯಿತು.

ಆ ಸಂಜೆ ಮಾಡಿದಷ್ಟು ಮುಖವನ್ನು ಮೇಣಣ್ಣ ತನ್ನ ಬಾಳಿನಲ್ಲೇ ಮಾಡಿರಲಿಲ್ಲ. ಅವನು ಹುಬ್ಬು ಗಂಟಿಕ್ಕಿದರೆ ಅವಳು ಇನ್ನಷ್ಟು ಜೋರು ಮಾಡುವಳು, ಹಲ್ಲು ಕಚ್ಚಿದರೆ ಇನ್ನೊಂದಿಷ್ಟು. ಒಂದು ಕಡೆ ಅವನ ಮುಖ ಸಡಿಲವಾಗಿ ಸಪ್ಪಗಾದದ್ದನ್ನು ಕಂಡು ಆಂಪ್ಲಿಫೈಯರಿನ ಗುಂಡಿಯನ್ನು ಕಾಲಿನಿಂದಲೇ ತಿರುಗಿಸಿದಳು. ಅವಳು ಹಾಲಿನಲ್ಲಿ ಬೇರೆ ಯಾರನ್ನೂ ನೋಡಲಿಲ್ಲ. ಮದುವೆಯ ಹೊಸತರಲ್ಲೂ ಅವಳು ತನ್ನನ್ನು ಹೀಗೆ ಎವೆಯಿಕ್ಕದೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಕಿವಿ ಕಿತ್ತುಹೋಗುವಂತಿತ್ತು, ಆದರೂ ಅವನಿಗೆ ಅಲ್ಲಿಂದ ಏಳಬೇಕು ಅನ್ನಿಸಲಿಲ್ಲ. ಸುಖವಾಗಿತ್ತು ಅಂತಲೇ ಹೇಳಬೇಕು.

ಕೊನೆಯ ಹಾಡು ಮುಗಿದಾಗ ಮ್ಯಾನೇಜರ್ ವೇದಿಕೆಯ ಹತ್ತಿರ ಬಂದ. "ಅಬ್ಬಬ್ಬಾ, ಈಗ ಬಂತು ನೋಡಿ ಮೇಡಂ! ಮುಂದಿನ ಶನಿವಾರದಿಂದ ನೀವೇ. ಇವರೊಬ್ಬರನ್ನ ಮಾತ್ರ ಸ್ವಲ್ಪ ಹಿಂದೆ ಕೂರಿಸಿ, ಯಾಕೋ ಇವರಿಗೆ ಹೊಟ್ಟೆನೋವು ಇರೋ ಹಾಗಿದೆ" ಅಂದ ಮೇಣಣ್ಣನನ್ನು ತೋರಿಸಿ.

ಲಿಫ್ಟಣ್ಣ ಮ್ಯಾನೇಜರನ್ನು ತಬ್ಬಿಕೊಂಡ. ತಂಗಿ ಡ್ರಮ್ಮಿನ ಮೇಲೆ ಧಡಧಡ ಅಂತ ಬಾರಿಸಿ, "ಭಾವಾ, ಆ ಸಾರಿ ವಿಷ್ಯ ಇನ್ನೂ ಮುಗಿದಿಲ್ಲ, ಮನೇಗೆ ಬರ್ತೀನಿ" ಅಂದಳು.

ಬ್ರೇಕ್ ಮೇಡಂ ಗಿಟಾರನ್ನು ಗೋಡೆಗೆ ಒರಗಿಸಿ, ಬೆವರು ಒರೆಸಿಕೊಳ್ಳುತ್ತಾ ಗಂಡನ ಹತ್ತಿರ ಬಂದು ನಿಂತಳು.

"ಹೇಗಿತ್ತು?"

ಅವನ ನಾಲಿಗೆ ತನ್ನಷ್ಟಕ್ಕೆ ತಾನು ಹಲ್ಲಿನ ಹಿಂದೆ ಹೋಗಿ ಸಿದ್ಧವಾಗಿ ನಿಂತಿತು. ಅವಳು ನೋಡುತ್ತಿದ್ದಳು. ಅವಳ ಮುಖದಲ್ಲಿದ್ದದ್ದು ಬರೀ ಖುಷಿಯಲ್ಲ, ಒಂದಿಷ್ಟು ಭಯವೂ ಇತ್ತು, ಅದು ಅವನಿಗೆ ಕಂಡಿತು. ಮೇಣಣ್ಣ ಆ ಪದವನ್ನು ನುಂಗಿಕೊಂಡ.

"ದನಿ ಸರಿಯಾಗಿತ್ತು" ಅಂದ. ಒಂದು ಸಲ ಉಸಿರು ತೆಗೆದುಕೊಂಡ. "ಕೊನೇ ಹಾಡಲ್ಲಿ ಮಾತ್ರ ನೀನು ತಾಳ ಬಿಟ್ಟು ಓಡಿದೆ. ನಿನ್ನ ತಂಗಿ ಪಾಪ ಹಿಂದೇನೇ ಓಡಿ ಬಂದ್ಲು. ಆಮೇಲೆ ಆ ಮೂರನೇ ಹಾಡು... ಅದು ನನಗೆ ಯಾವತ್ತೂ ಇಷ್ಟ ಇಲ್ಲ ಕಣೇ. ಬಹಳ ಉದ್ದ."

ಹೇಳಿಬಿಟ್ಟು ಅವನು ತಲೆ ತಗ್ಗಿಸಿದ.

ಅವಳು ಪಕ್ಕದ ಮೇಜಿನಿಂದ ಒಂದು ಕುರ್ಚಿ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಸುಟ್ಟ ಹೆಬ್ಬೆರಳಿನ ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಇನ್ನೇನಿತ್ತು?" ಅಂದಳು. "ಒಂದೂ ಬಿಡದೆ ಹೇಳಿ."